ಹದಿನಾಲ್ಕು ಕಿಲೋ ನಾಟಕ

ನೀರು ಸರಬರಾಜು ಕಚೇರಿಗೆ ಮೀಟರ್ ಓದುವವನಾಗಿ ಸೇರಿ, ಮೂವತ್ತನಾಲ್ಕು ವರ್ಷ ದುಡಿದು ಇನ್‌ಸ್ಪೆಕ್ಟರಾಗಿ ನಿವೃತ್ತನಾದವನನ್ನು ಬೀದಿಯವರೆಲ್ಲ ಮೀಟರಪ್ಪ ಎಂದೇ ಕರೆಯುತ್ತಿದ್ದರು. ಎದುರಿಗೆ ಯಾರೂ ಹಾಗನ್ನುತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲದೆಯೂ ಇರಲಿಲ್ಲ.

ನಿವೃತ್ತಿಯ ಮೊದಲ ವಾರ ಅವನು ಚೆನ್ನಾಗಿ ನಿದ್ದೆ ಮಾಡಿದ. ಎರಡನೇ ವಾರ ಮನೆಯ ಸೋರುವ ನಲ್ಲಿಗಳಿಗೆಲ್ಲ ಹೊಸ ವಾಷರ್ ಹಾಕಿದ. ಮೂರನೇ ವಾರ ಕಿರುಗುಟ್ಟುವ ಬಾಗಿಲುಗಳಿಗೆ ಎಣ್ಣೆ ಬಿಟ್ಟ. ನಾಲ್ಕನೇ ವಾರ ಅಡುಗೆಮನೆಗೆ ನುಗ್ಗಿ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ. ‘ಉಪ್ಪು’ ಎಂಬ ಚೀಟಿಯನ್ನು ಎಂಬತ್ತೆರಡು ವರ್ಷದ ತಾಯಿ ಕಣ್ಣ ಹತ್ತಿರ ಹಿಡಿದು ಓದಿ, “ನಮಗೇನು ನಾಲಿಗೆ ಸತ್ತೋಗಿದೆಯೇನೋ?” ಎಂದಳು. ಐದನೇ ವಾರ, ಬೇರೆ ಏನೂ ಉಳಿಯದೆ, ಅವನು ನಡುಮನೆಯ ಕಪಾಟಿಗೆ ಕೈ ಹಾಕಿದ.

ಆ ಬುಧವಾರ ಸಂಜೆ ಆರಕ್ಕೆ ಹೆಂಡತಿ ಕೆಲಸದಿಂದ ಬಂದಳು. ಅವಳು ದರ್ಜಿ ಅಂಗಡಿಯಲ್ಲಿ ಉದ್ದದ ಪ್ಯಾಂಟು ಗಿಡ್ಡ ಮಾಡುವ, ಬಿಗಿಯಾದ ಕೋಟು ಬಿಡಿಸುವ ಕೆಲಸದವಳು. ಸೆರಗಿನ ತುಂಬ ದಾರದ ತುಣುಕು ಅಂಟಿರುತ್ತಿದ್ದವು. ಒಂದೊಂದನ್ನೇ ಕಿತ್ತು ಹಾಕುತ್ತ ಕಪಾಟಿನ ಕೆಳಗಿನ ಬಾಗಿಲು ತೆಗೆದಳು. ಒಳಗೆ ಸ್ಪಾನರುಗಳು ಸಾಲಾಗಿ ಮಲಗಿದ್ದವು. ಮೊಳೆ, ಸ್ಕ್ರೂ, ವಾಷರುಗಳ ಡಬ್ಬಿಗಳು ಗಾತ್ರಕ್ಕೆ ತಕ್ಕಂತೆ ನಿಂತಿದ್ದವು.

“ಇಲ್ಲಿದ್ದದ್ದೆಲ್ಲಿ?”

“ಯಾವುದು?” ಮೀಟರಪ್ಪ ಪತ್ರಿಕೆ ಮಡಚಲಿಲ್ಲ.

“ರೀ. ಇಲ್ಲಿದ್ದದ್ದೆಲ್ಲಿ?”

“ಓ, ಆ ಹಳೇ ಕಾಗದಾನಾ? ಕೈಗಾಡಿಯವನು ಬಂದಿದ್ದ, ಗುಜರಿಗೆ ಹಾಕ್ದೆ. ಹದಿನಾಲ್ಕು ಕಿಲೋ ಬಂತು ನೋಡು. ನಾನು ಹತ್ತು ಇರಬಹುದು ಅಂದ್ಕೊಂಡಿದ್ದೆ.”

ಅವು ಪ್ರೋಗ್ರಾಂಗಳು. ಹಾಡು ಕುಣಿತದ ದೊಡ್ಡ ನಾಟಕಗಳಿಗೆ ಥಿಯೇಟರಿನ ಬಾಗಿಲಲ್ಲಿ ಮಾರುತ್ತಾರಲ್ಲ, ಯಾರು ಯಾವ ಪಾತ್ರ, ಎಷ್ಟು ಅಂಕ, ಯಾವ ಹಾಡಾದ ಮೇಲೆ ಯಾವ ಹಾಡು ಎಂದು ಅಚ್ಚಾದ ತೆಳ್ಳನೆ ಪುಸ್ತಿಕೆ, ಅವು. ಕೆಲವು ಅವಳಿಗಿಂತ ಹಳೆಯವು. ಒಟ್ಟು ಮುನ್ನೂರ ಹನ್ನೊಂದು. ನಲವತ್ತು ವರ್ಷದಿಂದ ಒಂದೊಂದಾಗಿ ಕೂಡಿಸಿದ್ದು, ಮದುವೆಯಾದಾಗ ಆವರೆಗಿನದನ್ನೆಲ್ಲ ಬಟ್ಟೆಯ ಪೆಟ್ಟಿಗೆಗಿಂತ ಮುಂಚೆ ಈ ಮನೆಯೊಳಗೆ ತಂದಿಟ್ಟದ್ದು.

ಅವಳು ಕೂಗಾಡಲಿಲ್ಲ. ಕೈಕಾಲು ತೊಳೆದಳು. ಅಡುಗೆ ಮಾಡಿದಳು. ನಾಲ್ಕು ಜನರಿಗೂ ಬಡಿಸಿದಳು. ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಅಂದಿನ ಗಿರಾಕಿಗಳ ಕಥೆ ಶುರು ಮಾಡಿದವಳು, ಅಮ್ಮನ ಮುಖ ನೋಡಿ ಅರ್ಧಕ್ಕೇ ಬಾಯಿ ಮುಚ್ಚಿದಳು. ಊಟ ಮುಗಿದ ಮೇಲೆ ಹೆಂಡತಿ ಸೌಟು ತೊಳೆದು ಒರೆಸಿ ತಂದು ಗಂಡನ ಮುಂದಿಟ್ಟಳು.

“ನಾಳೆಯಿಂದ ಒಲೆ ನಿಮ್ದು.”

“ಅಂದ್ರೆ?”

“ಅವು ಮನೆಗೆ ಬರೋವರೆಗೆ ನಾನು ಒಲೆ ಹಚ್ಚಲ್ಲ. ನಂಗೆ ಬೇರೆ ಕೆಲಸ ಇದೆ. ಹುಡುಕೋ ಕೆಲಸ.”

“ಹುಚ್ಚಾ ನಿಂಗೆ? ಗುಜರಿಗೆ ಹೋದದ್ದು ವಾಪಸ್ ಬರುತ್ತಾ?”

“ಬರುತ್ತೆ. ನಾನು ತರ್ತೀನಿ.”

ಮೀಟರಪ್ಪ ತಾಯಿಯ ಕಡೆ ನೋಡಿದ. ತಾಯಿ ಮಜ್ಜಿಗೆಯ ಲೋಟ ಎತ್ತಿ ಕುಡಿಯುತ್ತಿದ್ದಳು, ಇಳಿಸಲೇ ಇಲ್ಲ. ಮಗಳ ಕಡೆ ನೋಡಿದ. “ನನ್ನನ್ನ ನೋಡ್ಬೇಡ ಅಪ್ಪ, ನಾನು ಅಮ್ಮನ ಪಾರ್ಟಿ” ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಮೀಟರಪ್ಪನ ಮೊದಲ ಅನ್ನ ತಳ ಹಿಡಿಯಿತು, ಎರಡನೆಯದು ಅಂಬಲಿಯಾಯಿತು. ಆಲೂಗಡ್ಡೆಯನ್ನು ಅಳತೆಗೋಲಿಟ್ಟು ಕೊಯ್ದಂತೆ ಒಂದೇ ಸಮ ಕೊಯ್ದಿದ್ದ, ಆದರೆ ಬೇಯಿಸುವುದನ್ನು ಮರೆತಿದ್ದ. ತಾಯಿ ಒಂದು ಹೋಳನ್ನು ಬಾಯಲ್ಲಿ ಆ ಕಡೆಯಿಂದ ಈ ಕಡೆ ಹೊರಳಿಸಿದಳು.

“ಇದ್ದ ನಾಲ್ಕು ಹಲ್ಲಿನ ಮೇಲೂ ನಿಂಗೆ ಕಣ್ಣು ಬಿತ್ತೇನೋ?”

“ನೀನೇ ಒಂದು ಮಾತು ಹೇಳಮ್ಮ ಅವಳಿಗೆ. ಮನೆ ಅಂದ ಮೇಲೆ ಇದೆಲ್ಲ ಏನು?”

“ನಾನು ಯಾಕೆ ಹೇಳ್ಲಿ? ನಾನು ಹೊಸ ಟೌನಿಗೆ ಸೈಕಲ್ ತುಳ್ಕೊಂಡು ಹೋಗಿ ಪಾಠ ಹೇಳ್ತಿದ್ದೆ, ನೆನಪಿದೆಯಾ? ನಿನಗೆಲ್ಲಿ ನೆನಪಿರುತ್ತೆ, ತೊಟ್ಟಿಲಲ್ಲಿದ್ದೆ. ನಿಮ್ಮಪ್ಪ ಒಂದಿನ ಆ ಸೈಕಲ್ ಮಾರಿ ಬಂದ್ರು. ನಾನು ಸುಮ್ನಿದ್ದೆ. ಇವಳು ಸುಮ್ನಿರಲ್ಲ ಅಂತಾಳೆ. ಇರೋದು ಬೇಡ ಬಿಡು.”

ಹೆಂಡತಿ ದಿನಾ ಬೆಳಿಗ್ಗೆ ಒಂದು ಗಂಟೆ ಮುಂಚೆ ಮನೆ ಬಿಡತೊಡಗಿದಳು. ಬೀದಿ ಬೀದಿಯ ತುದಿಯಲ್ಲಿ ನಿಂತು, ಬಂದ ಪ್ರತಿ ಕೈಗಾಡಿಯನ್ನು ತಡೆದು ಕೇಳುತ್ತಿದ್ದಳು. ಯಾರೂ ಆ ಮನೆಯಿಂದ ಕಾಗದ ಕೊಂಡಿರಲಿಲ್ಲ. ಸಂಜೆ ಬಂದು ಗಂಡನನ್ನು ಕೇಳುವಳು:

“ಗಾಡಿ ಯಾವ ಬಣ್ಣದ್ದು?”

“ಬಣ್ಣ ಯಾರು ನೋಡಿದ್ರು?”

“ಮೀಟರಿನ ಮುಳ್ಳು ಕೂದಲೆಳೆ ಅಲ್ಲಾಡಿದ್ರೂ ನೋಡಿದವರು ನೀವು. ಗಾಡಿ ಬಣ್ಣ ನೋಡಲಿಲ್ವಾ?”

ಮೀಟರಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. “ನೀಲಿ” ಎಂದ. ಮರುದಿನ ಅವಳು ನೀಲಿ ಗಾಡಿಯವರನ್ನೆಲ್ಲ ಎರಡನೇ ಸಲ ಕೇಳಿ ಬಂದಳು.

ಶನಿವಾರ ಮಧ್ಯಾಹ್ನ ಮಗಳು ಅವಸರದಿಂದ ಬಂದಳು. ಚಪ್ಪಲಿ ಅಂಗಡಿಯ ಖಾಲಿ ಡಬ್ಬಗಳನ್ನು ಕೊಳ್ಳುವುದು ಸೇತುವೆ ಪಕ್ಕದ ಗುಜರಿ ಅಂಗಡಿಯ ಹೆಂಗಸು. ಎಲ್ಲರೂ ಅವಳನ್ನು ಗುಜರಿ ಅಕ್ಕ ಎನ್ನುತ್ತಾರೆ. ಡಬ್ಬ ಕೊಡಲು ಹೋದ ಮಗಳು ಅಲ್ಲಿ ತಕ್ಕಡಿಯ ಪಕ್ಕ ಒಂದು ಪ್ರೋಗ್ರಾಂ ಕಂಡಿದ್ದಳು.

“ಎಲ್ಲರೂ ಹೊರಡಿ,” ಎಂದಳು ಹೆಂಡತಿ.

“ನಾನ್ಯಾಕೆ?” ಎಂದ ಮೀಟರಪ್ಪ. “ಒಲೆ ಮೇಲೆ ಹಾಲಿದೆ.”

“ಆರಿಸಿ ಬನ್ನಿ.”

ಗುಜರಿ ಅಕ್ಕ ಕಬ್ಬಿಣದ ಕುರ್ಚಿಯಲ್ಲಿ ಕೂತು ಬಾಟಲಿಗಳನ್ನು ಬೇರ್ಪಡಿಸುತ್ತಿದ್ದಳು. ಮೀಟರಪ್ಪ ಮಗಳ ಹಿಂದೆ ನಿಂತ. ಆದರೂ ಅಕ್ಕನ ಕಣ್ಣು ನೇರ ಅವನ ಮೇಲೇ ಬಿತ್ತು.

“ಬನ್ನಿ ಯಜಮಾನ್ರೇ, ಇನ್ನೂ ತಂದ್ರಾ? ಅವತ್ತು ಸೈಕಲ್ ಮೇಲೆ ಎರಡು ಸಲ ಹೊತ್ತು ತಂದು ಸುಸ್ತಾಗಿದ್ರಲ್ಲ.”

ಮಗಳು ಪಕ್ಕಕ್ಕೆ ಸರಿದು ಅಪ್ಪನನ್ನು ನೋಡಿದಳು.

“‘ನಮ್ಮನೆಯವಳ ನಾಟಕದ ಪುಸ್ತಕ, ಒಳ್ಳೆ ಕಾಗದ, ನೋಡಿ ತೂಗು’ ಅಂದ್ರಿ. ನಾನೂ ನೋಡೇ ತೂಗಿದ್ದೀನಿ ಕಣಮ್ಮ, ಮೋಸ ಮಾಡಿಲ್ಲ,” ಎಂದಳು ಅಕ್ಕ, ಹೆಂಡತಿ ಜಗಳಕ್ಕೆ ಬಂದಿದ್ದಾಳೆಂದು ತಿಳಿದು.

ಹೆಂಡತಿ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. “ಉಳಿದದ್ದೆಷ್ಟು? ತೋರ್ಸಿ,” ಎಂದಳು.

ಗೋಣಿಯ ಕೆಳಗೆ ಒಂದು ರಾಶಿ ಉಳಿದಿತ್ತು. ಹೆಂಡತಿ ನೆಲದಲ್ಲೇ ಕೂತು ಒಂದೊಂದನ್ನೇ ಸೀರೆಯಲ್ಲಿ ಒರೆಸಿ ಎಣಿಸತೊಡಗಿದಳು. ಗುಜರಿ ಅಕ್ಕ ಬಗ್ಗಿ ನೋಡಿದಳು.

“ಇದರಲ್ಲಿ ಅಂಥದ್ದೇನಿದೆ? ಇದಕ್ಕೆ ಚಪ್ಪಲಿ ಗುರುತು ಬೇರೆ ಇದೆ.”

“ಅದು ನಾಲ್ಕನೇ ಸಾಲಲ್ಲಿ ಕೂತಿದ್ದ ಹೆಂಗಸಿಂದು. ಹಿಮ್ಮಡಿ ಚೂಪು ನೋಡಿ. ನಮ್ಮಮ್ಮ ಥಿಯೇಟರ್ ಗುಡಿಸ್ತಿದ್ಳು. ಬೆಳಿಗ್ಗೆ ಸ್ಕೂಲಿಗೆ ಮುಂಚೆ ನಾನೂ ಜೊತೆಗೆ ಹೋಗ್ತಿದ್ದೆ. ಅಮ್ಮ ಪೊರಕೆ ಹಿಡಿದು ಬರೋಳು, ನಾನು ಅವಳಿಗಿಂತ ಮುಂದೆ ಸೀಟಿನ ಅಡಿ ತೂರಿ ಇವನ್ನ ಹೆಕ್ತಾ ಹೋಗೋಳು. ಪೊರಕೆಗೆ ಸಿಕ್ಕಿದ್ರೆ ಹರಿದುಹೋಗ್ತಿತ್ತು. ಓಡ್ತಾ ಓಡ್ತಾ ಹೆಕ್ಬೇಕಿತ್ತು.”

“ಹಾಗಾದ್ರೆ ನಾಟಕ ಎಲ್ಲಾ ನೋಡಿರ್ತೀಯ.”

“ಒಂದೂ ಇಲ್ಲ. ಟಿಕೆಟ್ ಇದ್ದವರಿಗೆ ನಾಟಕ. ನಮಗೆ ಇದು.”

ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದ ಮೀಟರಪ್ಪ ಈ ಮಾತನ್ನು ಮೊದಲ ಸಲ ಕೇಳಿದ್ದು ಗುಜರಿ ಅಂಗಡಿಯಲ್ಲಿ, ಅದೂ ಬೇರೆಯವರು ಕೇಳಿದ್ದಕ್ಕೆ.

ನೂರ ಹದಿನೆಂಟು ಸಿಕ್ಕವು. ಉಳಿದವುಗಳಲ್ಲಿ ಒಂದು ಕಟ್ಟನ್ನು ಹಣ್ಣಿನಂಗಡಿಯವನು, ಇನ್ನೊಂದನ್ನು ಪುಸ್ತಕ ಹೊಲಿಯುವ ಬೈಂಡರ್ ಒಯ್ದಿದ್ದರು. ಗುಜರಿ ಅಕ್ಕ ಗೋಣಿಚೀಲವನ್ನು ಮೀಟರಪ್ಪನ ಹೆಗಲಿಗೇರಿಸಿ, “ತರೋವಾಗ ಸೈಕಲ್ ಇತ್ತು ಪಾಪ” ಎಂದು ನಕ್ಕಳು.

ಆ ವಾರಾಂತ್ಯ ಊಟದ ಮೇಜಿನ ತುಂಬ ಪ್ರೋಗ್ರಾಂ ಹರಡಿದ್ದರಿಂದ ಎಲ್ಲರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ಹೆಂಡತಿ ಸಡಿಲಾದ ಬೆನ್ನುಗಳಿಗೆ ಸೂಜಿಯಲ್ಲಿ ಹೊಲಿಗೆ ಹಾಕುತ್ತ ಕೂತಿದ್ದಳು. ಮೀಟರಪ್ಪ ಮೊಟ್ಟೆ ಬೇಯಿಸಿ ಸುಲಿದು ತಂದು ಮೇಜಿನ ತುದಿಯಲ್ಲಿಟ್ಟು, ಹೋಗದೆ ಅಲ್ಲೇ ನಿಂತ.

“ನೀಲಿ ಗಾಡಿ,” ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ. “ಮೂರು ದಿನ ನನ್ನ ಬೀದಿ ಬೀದಿ ಅಲೆಸಿದ್ರಿ.”

“ತಪ್ಪಾಯ್ತು.”

“ಗೊತ್ತಿದ್ದೂ ಕೊಟ್ರಿ.”

“ಗೊತ್ತಿದ್ದೂ ಕೊಟ್ಟೆ.”

“ಯಾಕೆ?”

ಮೀಟರಪ್ಪ ಮೊಟ್ಟೆಯ ತಟ್ಟೆಯನ್ನು ಅತ್ತ ಸರಿಸಿದ, ಇತ್ತ ಸರಿಸಿದ. “ಆಫೀಸಿಂದ ಬರೋವಾಗ ಆ ಸ್ಪಾನರ್ ಪೆಟ್ಟಿಗೆ ಒಂದೇ ತಂದಿದ್ದು. ಮನೇಲಿ ಅದನ್ನ ಇಡೋಕೆ ಜಾಗ ಇರಲಿಲ್ಲ. ಐದು ವಾರ ಮಂಚದ ಕೆಳಗಿತ್ತು. ದಿನಾ ಬೆಳಿಗ್ಗೆ ಕಾಲಿಗೆ ತಗಲೋದು. ಈ ಮನೇಲಿ ನಿನ್ನ ಕಾಗದಕ್ಕೂ ಜಾಗ ಇದೆ, ನಂಗೊಂದು ಅರೆ ಇಲ್ಲ ಅಂತ ಸಿಟ್ಟು ಬಂತು.”

“ಕೇಳಿದ್ರೆ ಕೊಡ್ತಿರಲಿಲ್ವಾ?”

“ಕೊಡ್ತಿದ್ದೆ.”

“ಮತ್ತೆ?”

“ಕೇಳೋಕೆ ಆಗಲಿಲ್ಲ ಕಣೇ.”

ಹೆಂಡತಿ ದಾರವನ್ನು ಹಲ್ಲಿನಲ್ಲಿ ಕಡಿದಳು. “ಕೇಳೋದು ಕಲೀರಿ. ಮೊಟ್ಟೆಗೆ ಉಪ್ಪು ಹಾಕಿಲ್ಲ.”

ಸೋಮವಾರ ಮೀಟರಪ್ಪ ಯಾರೂ ಹೇಳದೆ ಹಣ್ಣಿನಂಗಡಿಗೆ ಹೋದ. ಅಂಗಡಿಯವನು ಪ್ರೋಗ್ರಾಂನ ನಡುವಿನ ಹಾಳೆ ಕಿತ್ತು ದ್ರಾಕ್ಷಿ ಸುತ್ತುತ್ತಿದ್ದ. ಮೀಟರಪ್ಪ ಮೊದಲು ಕೈ ಹಿಡಿದ, ಆಮೇಲೆ ಮಾತಾಡಿದ. ಮನೆಯಿಂದ ಹಳೆ ಪತ್ರಿಕೆಗಳ ಹೊರೆ ಹೊತ್ತು ತಂದು ಸಮಕ್ಕೆ ಸಮ ಬದಲಾಯಿಸಿಕೊಂಡ. ಐವತ್ತೆರಡು ಸಿಕ್ಕವು. ಇನ್ನುಳಿದವು ಹಣ್ಣಿನ ಜೊತೆ ಯಾರ್ಯಾರ ಮನೆಗೋ ಹೋಗಿ, ಒಲೆಗೋ ಕಸಕ್ಕೋ ಸೇರಿದ್ದವು.

ಬೈಂಡರ್ ಹಳೆಯ ಪರಿಚಯದವನು. ನೀರು ಸರಬರಾಜು ಕಚೇರಿಯ ರಿಜಿಸ್ಟರುಗಳನ್ನೆಲ್ಲ ಹೊಲಿದುಕೊಡುತ್ತಿದ್ದವನು ಅವನೇ. ಅಂಗಡಿಯ ತುಂಬ ಅಂಟಿನ ವಾಸನೆ. ಮೂಲೆಯಲ್ಲಿದ್ದ ಅರವತ್ತು ಪ್ರೋಗ್ರಾಂಗಳನ್ನು ಅವನು ಮರುಮಾತಿಲ್ಲದೆ ಕೊಟ್ಟ.

“ಇನ್ನೂ ಮೂವತ್ತಾರು ಇತ್ತು. ರಟ್ಟಿನೊಳಗೆ ಹೋಯ್ತು.”

“ಯಾವ ರಟ್ಟು?”

“ನಿಮ್ಮ ಆಫೀಸಿಂದೇ. ಹದಿನೆಂಟು ರಿಜಿಸ್ಟರ್, ಒಂದೊಂದಕ್ಕೆ ಹಿಂದೆ ಒಂದು ಮುಂದೆ ಒಂದು. ಹೋದ ವಾರ ತಲುಪಿಸಿದೆ.”

“ರಟ್ಟಿನೊಳಗೆ ಯಾರಾದ್ರೂ ಪುಸ್ತಕ ತುಂಬ್ತಾರೇನಯ್ಯಾ?”

ಬೈಂಡರ್ ಕತ್ತರಿ ಕೆಳಗಿಟ್ಟ. “ಕಲಿಸಿದವರು ನೀವೇ ಅಲ್ವಾ ಸಾರ್? ರಟ್ಟು ತೆಳ್ಳಗಿದೆ, ಗಟ್ಟಿಯಿಲ್ಲ ಅಂತ ಎಷ್ಟು ಸಲ ವಾಪಸ್ ಕಳ್ಸಿದ್ದೀರಿ! ಬೆರಳಲ್ಲಿ ಬಗ್ಗಿಸಿ ಬಗ್ಗಿಸಿ ನೋಡ್ತಿದ್ರಿ. ನಿಮ್ಮ ಕಾಟಕ್ಕೇ ಒಳಗೆ ಏನಾದ್ರೂ ತುರುಕೋದು ಅಭ್ಯಾಸ ಆಯ್ತು. ನೀವು ರಿಟೈರ್ ಆದ್ರೂ ಕೈ ಬಿಡಲಿಲ್ಲ.”

ಮೀಟರಪ್ಪನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. “ಮೈದಾ ಅಂಟೋ, ಬೇರೆಯೋ?” ಎಂದಷ್ಟೇ ಕೇಳಿದ.

“ಮೈದಾನೇ.”

“ಬಿಚ್ಚಬಹುದಾ?”

“ತಾಳ್ಮೆ ಇದ್ರೆ ಬಿಚ್ಚಬಹುದು. ಹಬೆ ಬೇಕು, ಒದ್ದೆ ಬಟ್ಟೆ ಬೇಕು. ಅವಸರ ಮಾಡಿದ್ರೆ ಹರಿಯುತ್ತೆ.”

“ಕಲಿಸು.”

ನಾಲ್ಕು ದಿನ ಮೀಟರಪ್ಪ ಬೆಳಿಗ್ಗೆ ಮನೆಯ ಅಡುಗೆ ಮುಗಿಸಿ ಬೈಂಡರನ ಅಂಗಡಿಯಲ್ಲಿ ನೆಲದ ಮೇಲೆ ಕೂತ. ರದ್ದಿ ಪುಸ್ತಕಗಳ ರಟ್ಟು ಬಿಚ್ಚಿ, ಮತ್ತೆ ಹಚ್ಚಿ ಕಲಿತ. ಬೆರಳ ಸಂದಿಯಲ್ಲಿ ಅಂಟು ಒಣಗಿ ಚರ್ಮದಂತೆ ಏಳುತ್ತಿತ್ತು. ಸಂಜೆ ತಾಯಿ ಅವನ ಕೈ ನೋಡಿ, “ಚಪಾತಿ ಮಾಡಿದ್ದೀಯೇನೋ?” ಎಂದು ಆಸೆಯಿಂದ ಕೇಳಿದಳು.

ಶುಕ್ರವಾರ ಇಸ್ತ್ರಿ ಶರ್ಟು ಹಾಕಿಕೊಂಡು ಹಳೆಯ ಕಚೇರಿಗೆ ಹೋದ. ಅವನ ಕುರ್ಚಿಯಲ್ಲಿ ಈಗ ಕೂತಿದ್ದವನು, ಅವನೇ ಪಳಗಿಸಿದ ಕಿರಿಯ. ಸಣಕಲು ಮೈ, ಕಿವಿಯ ಮೇಲೆ ಸದಾ ಪೆನ್ಸಿಲ್. ‘ಪೆನ್ಸಿಲ್’ ಎಂಬ ಅಡ್ಡಹೆಸರು ಇಟ್ಟವನೂ ಮೀಟರಪ್ಪನೇ. ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ, ವಿಷಯ ಕೇಳಿ ಮತ್ತೆ ಕೂತ.

“ಸಾರ್, ರಿಜಿಸ್ಟರ್ ಕಟ್ಟಡ ಬಿಟ್ಟು ಹೊರಗೆ ಹೋಗಬಾರದು. ಆ ಸುತ್ತೋಲೆ ಬರೆದವರು ನೀವೇ.”

“ಹೊರಗೆ ಹೋಗೋದು ಬೇಡ. ನಾನೇ ಒಳಗೆ ಬರ್ತೀನಿ. ಇಲ್ಲೇ ಕೂತು ಒಂದೊಂದು ರಟ್ಟು ಬಿಚ್ಚಿ, ಒಳಗಿರೋದು ತೆಗೆದು, ಹೊಸ ರಟ್ಟು ಹಾಕಿ ಕೊಡ್ತೀನಿ. ಒಂದು ಹಾಳೆ ಅಲ್ಲಾಡಿದ್ರೂ ಹೊರಗೆ ಕಳ್ಸು.”

“ಅಂಥದ್ದೇನಿದೆ ಸಾರ್ ಒಳಗೆ?”

ಸುತ್ತಲಿನ ಮೇಜುಗಳಲ್ಲಿ ಪೆನ್ನು ನಿಂತಿದ್ದವು. ಹತ್ತು ಹದಿನೈದು ಜನ, ಎಲ್ಲರೂ ಒಂದಲ್ಲ ಒಂದು ದಿನ ಅವನಿಂದ ಬೈಸಿಕೊಂಡವರೇ. ಹಳೇ ಕಡತ ಎನ್ನಬಹುದಿತ್ತು. ಬೇರೆ ಏನಾದರೂ ಹೇಳಬಹುದಿತ್ತು.

“ನನ್ನ ಹೆಂಡತಿಯ ಪ್ರೋಗ್ರಾಂಗಳು. ನಾಟಕದವು. ಚಿಕ್ಕಂದಿನಿಂದ ಕೂಡಿಟ್ಟಿದ್ಳು. ನಾನು ಅವಳನ್ನ ಕೇಳದೆ ಗುಜರಿಗೆ ಹಾಕ್ದೆ.”

ಯಾರೋ ಕಿಸಕ್ಕೆಂದರು. ಪೆನ್ಸಿಲ್ ನಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿಗೆ ಎರಡು ಸಲ ಕುಟ್ಟಿದ. “ಊಟದ ವಿರಾಮದಲ್ಲಿ ಮಾತ್ರ. ದಿನಕ್ಕೆ ಒಂದು ರಿಜಿಸ್ಟರ್. ನನ್ನ ಕಣ್ಣೆದುರಿಗೇ.”

ಹದಿನೆಂಟು ರಿಜಿಸ್ಟರ್ ಎಂದರೆ ಹದಿನೆಂಟು ಕೆಲಸದ ದಿನ. ಮೀಟರಪ್ಪ ದಿನಾ ಹನ್ನೆರಡೂವರೆಗೆ ಕೆಟಲು, ಬಟ್ಟೆ, ಮೊಂಡು ಚಾಕು, ರಟ್ಟುಗಳ ಚೀಲ ಹಿಡಿದು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದ. ಕಾವಲುಗಾರ, “ಅಡುಗೆಗೆ ಬಂದ್ರಾ ಸಾರ್?” ಎನ್ನುತ್ತಿದ್ದ. ಮೊದಲ ದಿನ ಗುಮಾಸ್ತರು ಊಟದ ಡಬ್ಬಿ ಹಿಡಿದು ಸುತ್ತ ನಿಂತು ನೋಡಿದರು. ಆ ನೋಟಕ್ಕೆ ಅವನ ಕೈ ಅವಸರ ಪಟ್ಟು, ಮೊದಲನೆಯ ಪ್ರೋಗ್ರಾಂನ ಮುಖಪುಟ ನಡುವೆ ಹರಿಯಿತು.

ಅದನ್ನು ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟ. ಹಣ್ಣಿನಂಗಡಿಯ, ಬೈಂಡರನ ಕಟ್ಟುಗಳನ್ನು ಮೊದಲೇ ತಂದಿಟ್ಟಿದ್ದನಾದರೂ, ಆಮೇಲೆ ದಿನಾ ಎಲ್ಲಿಗೆ ಹೋಗುತ್ತಾನೆಂದು ಅಂದಿನವರೆಗೆ ಅವಳಿಗೆ ಹೇಳಿರಲಿಲ್ಲ.

“ಎಲ್ಲಿ ಸಿಕ್ತು?”

ಹೇಳಿದ. ಬೈಂಡರು, ರಟ್ಟು, ಪೆನ್ಸಿಲ್, ನಕ್ಕವರು, ಎಲ್ಲ. ಹೆಂಡತಿ ಹರಿದ ಎರಡು ತುಂಡನ್ನು ಜೋಡಿಸಿ ಹಿಡಿದು ನೋಡಿದಳು. ಬೈಯುತ್ತಾಳೆಂದು ಅವನು ಕಾದ.

“ಒದ್ದೆ ಬಟ್ಟೆ ಎಷ್ಟು ಹೊತ್ತು ಇಟ್ರಿ?”

“ಐದು ನಿಮಿಷ.”

“ಹತ್ತು ಇಡಿ. ಮೂಲೆಯಿಂದ ಶುರು ಮಾಡಿ, ನಡುವಿನಿಂದ ಅಲ್ಲ. ಕೋಟಿನ ಲೈನಿಂಗ್ ಬಿಚ್ಚೋದೂ ಹಾಗೇನೇ. ಯಾರು ನಿಂತು ನೋಡಿದ್ರೂ ತಲೆ ಎತ್ತಬೇಡಿ.”

ಮಾರನೆಯ ದಿನದಿಂದ ಅವನು ತಲೆ ಎತ್ತಲಿಲ್ಲ. ನೋಡಿ ನೋಡಿ ಜನಕ್ಕೂ ಬೇಸರವಾಯಿತು. ಎರಡನೇ ವಾರಕ್ಕೆ ಪೆನ್ಸಿಲ್ ತಾನೇ ಎದ್ದು ಕೆಟಲಿಗೆ ನೀರು ತುಂಬಿಸಿ ಕೊಡತೊಡಗಿದ. ಕಿಸಕ್ಕೆಂದ ಗುಮಾಸ್ತೆ ಒಂದು ದಿನ ಪಕ್ಕ ಕೂತು, “ನಮ್ಮಮ್ಮನೂ ಇಂಥದ್ದೇನೋ ಕೂಡಿಡ್ತಿದ್ರು, ಗುಂಡಿಗಳು. ಎಲ್ಲಿ ಹೋಯ್ತೋ” ಎಂದಳು. ಮೀಟರಪ್ಪ, “ಕೇಳಿ ನೋಡಿ” ಎಂದ.

ಈ ನಡುವೆ ಮನೆಯಲ್ಲಿ ಅನ್ನ ಅನ್ನದ ಹಾಗೇ ಆಗತೊಡಗಿತ್ತು. ಒಂದು ಸಂಜೆ ಅವನು ಮರುದಿನದ ರಟ್ಟಿಗೆಂದು ಬೈಂಡರನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿಸಿತು. ಹೆಂಡತಿ ಬಾಣಲೆಯ ಮುಂದಿದ್ದಳು.

“ಏನಿದು? ಎಲ್ಲಾ ಇನ್ನೂ ಬಂದಿಲ್ವಲ್ಲ?”

“ನಿಮಗೋಸ್ಕರ ಅಲ್ಲ. ನಂಗೆ ರುಚಿಯಾಗಿ ತಿನ್ನಬೇಕು ಅನ್ನಿಸ್ತು. ಈರುಳ್ಳಿ ಹೆಚ್ಚಿ, ಸುಮ್ನೆ ನಿಲ್ಬೇಡಿ.”

ತಾಯಿ ಒಳಗಿನಿಂದಲೇ, “ಮೂಗಿಗೆ ಜೀವ ಬಂತಪ್ಪ!” ಎಂದು ಕೂಗಿದಳು. ಅಂದಿನಿಂದ ಬೆಳಗಿನ ಅಡುಗೆ ಅವನದು, ಸಂಜೆಯದು ಅವಳದು ಎಂದಾಯಿತು. ಯಾರೂ ಕೂತು ತೀರ್ಮಾನ ಮಾಡಲಿಲ್ಲ.

ಹದಿನೆಂಟನೆಯ ರಿಜಿಸ್ಟರ್ ಮುಗಿದ ದಿನ ಪೆನ್ಸಿಲ್ ಪ್ರತಿಯೊಂದನ್ನೂ ಬೆರಳಲ್ಲಿ ಬಗ್ಗಿಸಿ ನೋಡಿ, “ಗಟ್ಟಿ ಇದೆ ಸಾರ್” ಎಂದ. ಮೂವತ್ತಾರೂ ಮನೆಗೆ ಬಂದವು. ಕೆಲವಕ್ಕೆ ಅಂಟಿನ ಕಲೆ, ನಾಲ್ಕಕ್ಕೆ ಅಂಚು ಕತ್ತರಿಸಿ ಹೋಗಿತ್ತು. ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು: ಇನ್ನೂರ ಅರವತ್ತಾರು.

“ನಲವತ್ತೈದು ಹೋಯ್ತಮ್ಮ. ಅವಿನ್ನು ಸಿಗಲ್ಲ.”

“ಅಚ್ಚು ಹಾಕಿಸಿದವರು ಒಂದೇ ಹಾಕಿಸಿರ್ತಾರಾ? ಸಾವಿರ ಹಾಕಿಸಿರ್ತಾರೆ. ಎಲ್ಲೋ ಯಾರ ಅಟ್ಟದ ಮೇಲೋ ಇರುತ್ತೆ,” ಎಂದಳು ಹೆಂಡತಿ. ಒಂದು ಹಾಳೆ ತೆಗೆದುಕೊಂಡು, ಯಾವ ಪುಸ್ತಕವನ್ನೂ ನೋಡದೆ, ನಲವತ್ತೈದು ನಾಟಕಗಳ ಹೆಸರನ್ನು ಒಂದರ ಕೆಳಗೊಂದು ಬರೆದಳು. ಹಳೇ ಸಾಮಾನಿನ ಸಂತೆ ನದಿಯಾಚೆ ಪ್ರತಿ ಭಾನುವಾರ ನಡೆಯುತ್ತಿತ್ತು.

ಭಾನುವಾರ ಅವಳು ಚೀಲ ಹಿಡಿದು ಹೊರಟಾಗ ಮೀಟರಪ್ಪ ಬಾಗಿಲ ಬಳಿ ನಿಂತಿದ್ದ, ಶೂ ಹಾಕಿಕೊಂಡು.

“ನಾನೂ ಬರ್ಲಾ?”

“ಬನ್ನಿ. ಆದ್ರೆ ಅಲ್ಲಿ ಬಾಯಿ ಬಿಡಬಾರದು. ಬೇಕು ಅಂತ ಮುಖದಲ್ಲಿ ಕಂಡ್ರೆ ಬೆಲೆ ಏರಿಸ್ತಾರೆ.”

ಸಂತೆಯಲ್ಲಿ ಅವಳು ನಡೆಯುವ ರೀತಿಯೇ ಬೇರೆಯಿತ್ತು. ಹರಡಿದ ಪಾತ್ರೆ, ಗಡಿಯಾರಗಳ ನಡುವೆ ಸರಸರನೆ ಹೋಗಿ, ಯಾರೂ ಬಗ್ಗದ ಪೆಟ್ಟಿಗೆಗಳ ಮುಂದೆ ಕೂತುಬಿಡುತ್ತಿದ್ದಳು. ಮಧ್ಯಾಹ್ನದವರೆಗೆ ಪಟ್ಟಿಯಲ್ಲಿದ್ದ ಒಂದೂ ಸಿಗಲಿಲ್ಲ. ಪಟ್ಟಿಯಲ್ಲಿಲ್ಲದ, ಅವಳ ಹತ್ತಿರ ಎಂದೂ ಇಲ್ಲದ ಒಂದು ಸಿಕ್ಕಿತು. ‘ಏಳು ಛತ್ರಿಗಳು’, ಮೂರು ಅಂಕಗಳ ಸಂಗೀತ ನಾಟಕ. ಮಾರುವವಳಿಗೆ ತನ್ನ ಮುಖದಲ್ಲಿ ಏನೂ ಕಾಣದಿರಲಿ ಎಂದು ಮೀಟರಪ್ಪ ಉಸಿರು ಹಿಡಿದು ಆಕಾಶ ನೋಡುತ್ತ ನಿಂತ.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಅದನ್ನು ಅವನ ಕೈಗೆ ಕೊಟ್ಟಳು. ಅವನು ಕನ್ನಡಕ ಹಾಕಿಕೊಂಡು ಕಥಾಸಾರ ಓದಿದ. ಬಂದರಿನ ಊರಲ್ಲಿ ಛತ್ರಿ ರಿಪೇರಿ ಮಾಡುವ ಹೆಂಗಸು. ಅವಳನ್ನು ಮೆಚ್ಚಿದ ಒಬ್ಬ ಬ್ಯಾಂಕಿನ ಗುಮಾಸ್ತ, ಇನ್ನೊಬ್ಬ ಹಡಗಿನ ಅಡುಗೆಯವ. ಮಳೆಗಾಲ ಮುಗಿಯಿತು, ಹಡಗು ಹೊರಡುವ ದಿನ ಬಂತು. ಅವನು ಹಾಳೆ ತಿರುಗಿಸಿದ. ಅಲ್ಲಿ ಸೋಪಿನ ಜಾಹೀರಾತಿತ್ತು.

“ಮುಂದೆ?”

“ಅಷ್ಟೇ.”

“ಅಷ್ಟೇ ಅಂದ್ರೆ? ಯಾರನ್ನ ಮದುವೆ ಆದ್ಳು? ಹಡಗು ಹೋಯ್ತಾ?”

“ಪ್ರೋಗ್ರಾಂನಲ್ಲಿ ಕೊನೆ ಬರೆಯಲ್ಲ ರೀ. ಬರೆದ್ರೆ ಟಿಕೆಟ್ ಯಾರು ತಗೋತಾರೆ?”

“ಹಾಗಾದ್ರೆ ಅಷ್ಟು ನಾಟಕದಲ್ಲಿ ಒಂದರ ಕೊನೇನೂ ನಿಂಗೆ ಗೊತ್ತಿಲ್ವಾ?”

“ಎಲ್ಲಾ ಗೊತ್ತು. ಒಂದೊಂದಕ್ಕೂ ನಾನೇ ಕೊನೆ ಮಾಡಿ ಇಟ್ಕೊಂಡಿದ್ದೀನಿ. ಸೀಟಿನ ಅಡಿಯಿಂದ ಅಮ್ಮನಿಗೆ ಕೂಗಿ ಹೇಳ್ತಿದ್ದೆ. ಅವಳು ಗುಡಿಸ್ತಾ ಕೇಳೋಳು.”

“ಆಮೇಲೆ ಯಾರಿಗೂ ಹೇಳಿಲ್ವಾ?”

“ಯಾ‌ರು ಕೇಳಿದ್ರು?”

ಒಂದು ಸ್ಟಾಪು ದಾಟಿತು. ಮೀಟರಪ್ಪ ಪುಸ್ತಿಕೆಯನ್ನು ತೊಡೆಯ ಮೇಲೆ ನೇರ ಮಾಡಿಕೊಂಡ.

“ಇದರದ್ದು ಹೇಳು. ಗುಮಾಸ್ತನ ಜೊತೆ ತಾನೇ?”

ಅವಳು ಕಿಟಕಿಯ ಹೊರಗೆ ನೋಡಿ ಸ್ವಲ್ಪ ಯೋಚಿಸಿದಳು. “ಇಲ್ಲ. ಇಬ್ಬರ ಜೊತೆಗೂ ಇಲ್ಲ. ಅಂಗಡಿಗೆ ಬೀಗ ಹಾಕಿ ಅವಳೇ ಹಡಗು ಹತ್ತುತ್ತಾಳೆ. ಹಾಯಿ ಹೊಲಿಯೋ ಕೆಲಸಕ್ಕೆ.”

“ಅದು ಹೇಗೆ ಸಾಧ್ಯ? ಏಳು ಜನರ ಛತ್ರಿ ರಿಪೇರಿಗೆ ಬಂದು ಕೂತಿದೆ. ಕೊಡದೆ ಹೋಗ್ತಾಳಾ?”

“ಕೊಟ್ಟೇ ಹೋಗ್ತಾಳೆ. ಕೊನೇ ಹಾಡೇ ಅದು. ಒಬ್ಬೊಬ್ಬರನ್ನೂ ಕರೆದು ಅವರವರ ಛತ್ರಿ ಕೈಗೆ ಕೊಡ್ತಾಳೆ.”

“ಗುಮಾಸ್ತ ಸುಮ್ನೆ ನಿಂತಿರ್ತಾನಾ? ಒಳ್ಳೆ ಮನುಷ್ಯ ಕಣೇ ಅವನು! ದಿನಾ ಬಂದಿದ್ದಾನೆ, ಮೊದಲ ಅಂಕದಿಂದ!”

“ದಿನಾ ಬಂದ, ಒಂದು ದಿನಾನೂ ಬಾಯಿ ಬಿಟ್ಟು ಕೇಳಲಿಲ್ಲ.”

“ಮೂರನೇ ಅಂಕದಲ್ಲಿ ಕೇಳ್ತಾನೆ. ಕೇಳಲೇಬೇಕು. ಇಲ್ಲದಿದ್ರೆ ನಾಟಕಕ್ಕೆ ಅರ್ಥವೇ ಇಲ್ಲ.”

“ನಾಟಕ ನಂದೋ ನಿಮ್ದೋ?”

ಮುಂದಿನ ಸೀಟಿನ ಮುದುಕ ಹಿಂದಕ್ಕೆ ತಿರುಗಿ, “ಕೇಳಿದ ಅಂತಾನೇ ಇಟ್ಕೊಳ್ಳಿ ತಾಯಿ, ಅವಳು ಏನಂದ್ಳು?” ಎಂದ. ಅವನಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಬಂದಿದ್ದರು. ಇಳಿದು ಜಗಳವಾಡುತ್ತಲೇ ನಡೆದರು. ತಮ್ಮ ಬೀದಿಗೆ ತಿರುಗಿದಾಗಲೂ ಮೀಟರಪ್ಪ ಗುಮಾಸ್ತನ ಪರವಾಗಿ ಕೈಯೆತ್ತಿ ವಾದಿಸುತ್ತಿದ್ದ.

ಬಾಗಿಲು ತೆಗೆದ ತಾಯಿಗೆ ಗಾಬರಿಯಾಗಿತ್ತು. “ಮತ್ತೆ ಶುರು ಮಾಡಿದ್ರೇನೋ? ಈಗ ತಾನೇ ಮನೆ ನೆಟ್ಟಗಾಗಿತ್ತು!”

“ನೋಡಮ್ಮ, ನೀನೇ ನ್ಯಾಯ ಹೇಳು. ಹಡಗು ಹೊರಟು ನಿಂತಿದೆ, ಇವಳು ಅಂಗಡಿಗೆ ಬೀಗ ಹಾಕಿ ಹತ್ತಿಬಿಟ್ಳು ಅಂತಾಳೆ!”

“ಯಾರು ಹತ್ತಿದ್ಳು? ಎಲ್ಲಿಗೆ?”

ಮಗಳು ಟಿ.ವಿ. ಸದ್ದು ಕಡಿಮೆ ಮಾಡಿದಳು, ಆಮೇಲೆ ಪೂರ್ತಿ ಆರಿಸಿದಳು. ತಾಯಿ ಕುರ್ಚಿ ಎಳೆದುಕೊಂಡು ಕೂತು, ಸೊಸೆಯ ಕಡೆ ತಿರುಗಿದಳು. “ಇವನು ಹೇಳಿದ್ರೆ ತಲೆ ಬುಡ ಗೊತ್ತಾಗಲ್ಲ. ನೀನು ಮೊದಲಿಂದ ಹೇಳಮ್ಮ.”

ಹೆಂಡತಿ ಚಪ್ಪಲಿ ಬಿಟ್ಟು, ಒಂದು ಲೋಟ ನೀರು ಕುಡಿದು, ಮೂವರ ಮುಖವನ್ನೂ ಒಂದು ಸಲ ನೋಡಿದಳು. ಆಮೇಲೆ ಮೊದಲ ಅಂಕದಿಂದ ಶುರು ಮಾಡಿದಳು.